ಅಶ್ಲೀಲವೆಂಬ ಪೊರಕೆ

ಹೋದ ವರ್ಷ ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ವಿಷಯ ಗೊತ್ತುಮಾಡುವ ಸಭೆ ಸೇರಿತ್ತು. ಬಂದಿದ್ದ ಅರ್ಜಿಗಳಲ್ಲಿ ಒಂದು ತೀರ ವಿಲಕ್ಷಣವಾಗಿತ್ತು. ಜನ್ನನ 'ಯಶೋಧರ ಚರಿತೆ'ಯ ಅಮೃತಮತಿಯನ್ನೂ, 1970ರ ಆಸುಪಾಸಿನಲ್ಲಿ ಫ್ರಾನ್ಸ್, ಸ್ಪೇನ್, ಬೆಲ್ಜಿಯಂ ದೇಶಗಳಲ್ಲಿ ಬಿಡಿಗಾಸಿನ ಬಂಡವಾಳದಿಂದ ತಯಾರಾದ ಶೃಂಗಾರಮಯ ರಕ್ತಪಿಶಾಚಿ ಚಿತ್ರಗಳ ನಾಯಕಿಯರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲು ಒಬ್ಬ ವಿದ್ಯಾರ್ಥಿನಿ ಅನುಮತಿ ಕೇಳಿದ್ದಳು. ಹಿರಿಯರೊಬ್ಬರು ಆ ಕಾಗದವನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ, "ಇದೇನ್ರೀ ಇದು, ಬೆತ್ತಲೆ ದೆವ್ವಗಳ ಸಿನಿಮಾ! ನಾಳೆ ಹುಡುಗಿಯ ತಂದೆತಾಯಿ ಬಂದು ಕೇಳಿದರೆ ಏನು ಹೇಳೋಣ?" ಎಂದರು. ಎಲ್ಲರೂ ನಕ್ಕರು. ಇನ್ನೊಬ್ಬರು ಅಂಚಿನಲ್ಲಿ 'ಅಶ್ಲೀಲ' ಎಂಬ ಒಂದೇ ಮಾತು ಬರೆದು ಅದನ್ನು ಪಕ್ಕಕ್ಕಿಟ್ಟರು. ಮುಂದಿನ ಅರ್ಜಿ ವಚನಗಳಲ್ಲಿ ಕಾಯಕತತ್ತ್ವದ ಮೇಲಿತ್ತು. ಅದು ಓದುವ ಮೊದಲೇ ಒಪ್ಪಿಗೆಯಾಯಿತು.

ಆ ಸಭೆಯಲ್ಲಿ ಅಂಥ ಚಿತ್ರಗಳನ್ನು ನೋಡಿದ್ದವನು ಬಹುಶಃ ನಾನೊಬ್ಬನೇ. ಒಂದೆರಡಲ್ಲ, ಹತ್ತಿಪ್ಪತ್ತು ನೋಡಿದ್ದೆ; ಕೆಲವನ್ನು ಎರಡು ಮೂರು ಸಲ ನೋಡಿದ್ದೆ. ಆದರೂ ಎಲ್ಲರೊಂದಿಗೆ ನಾನೂ ನಕ್ಕೆ. ಆ ನಗೆ ಇಂದಿಗೂ ನನಗೆ ಕಹಿಯಾಗಿದೆ. ಈ ಲೇಖನ ಅದಕ್ಕೆ ಪ್ರಾಯಶ್ಚಿತ್ತವೆಂದರೆ ವಾಚಕರು ದೊಡ್ಡ ಮಾತೆಂದುಕೊಳ್ಳಬಾರದು.

ಈ ಚಿತ್ರಗಳ ಪರಿಚಯ ನನಗಾದದ್ದು ಯಾವ ಉದಾತ್ತ ಉದ್ದೇಶದಿಂದಲೂ ಅಲ್ಲ. ಓದುವ ದಿನಗಳಲ್ಲಿ ನಾವು ನಾಲ್ವರು ಸೇರಿ ಹಿಡಿದಿದ್ದ ಬಾಡಿಗೆ ಕೋಣೆಗೆ ಸ್ನೇಹಿತನೊಬ್ಬ ಒಂದು ಸಿ.ಡಿ. ತಂದ. ಹೊದಿಕೆಯ ಮೇಲಿನ ಚಿತ್ರ ನೋಡಿ ಬಾಗಿಲಿಗೆ ಅಗಳಿ ಹಾಕಿದೆವು. ಅರ್ಧ ಗಂಟೆಯೊಳಗೆ ಒಬ್ಬ ನಿದ್ದೆಹೋದ. ಇನ್ನಿಬ್ಬರು "ಥೂ, ಇದರಲ್ಲಿ ಏನೂ ಇಲ್ಲ ಮಾರಾಯ" ಎಂದು ಬೈದು ಕಾಫಿಗೆ ಎದ್ದು ಹೋದರು. ನಾನು ಕುಳಿತೇ ಇದ್ದೆ. ಪರದೆಯ ಮೇಲೆ ಬಿಳಿಯ ಉಡುಪಿನ ಒಬ್ಬ ಹೆಣ್ಣು ಪಾಳುಗೋಡೆಯ ಬಳಿ ಸುಮ್ಮನೆ ನಿಂತಿದ್ದಳು. ಯಾರನ್ನೋ ಕಾಯುತ್ತಿದ್ದಂತಿತ್ತು. ನನಗೆ ಯಾಕೋ ಗಂಟಲು ಕಟ್ಟಿತು. ಕಾಮಪ್ರಚೋದನೆಯೇ ಈ ಚಿತ್ರಗಳ ಸರಕೆನ್ನುವವರು ನನ್ನ ಆ ಮೂವರು ಸ್ನೇಹಿತರ ಸಾಕ್ಷ್ಯವನ್ನು ಮೊದಲು ವಿಚಾರಿಸಬೇಕು. ಆ ಸರಕನ್ನೇ ಹುಡುಕಿ ಬಂದ ಇಪ್ಪತ್ತರ ಹರೆಯದ ಗಿರಾಕಿಗಳಿಗೇ ಅದು ಒಗ್ಗಲಿಲ್ಲ. ಹಾಗಾದರೆ ಅಲ್ಲಿ ಇದ್ದದ್ದೇನು?

ಅದಕ್ಕೆ ಮೊದಲು ಆ ಅಂಚಿನ ಒಂದು ಮಾತನ್ನು ನೋಡೋಣ. 'ಅಶ್ಲೀಲ' ಎಂಬುದು ನಮ್ಮ ಅಲಂಕಾರಶಾಸ್ತ್ರದ ಪಾರಿಭಾಷಿಕ ಪದ. ಅದು ಮೂರು ಬಗೆಯೆಂದು ನಾವೇ ಬಿ.ಎ. ತರಗತಿಯಲ್ಲಿ ಪಾಠ ಹೇಳುತ್ತೇವೆ: ನಾಚಿಕೆ ತರುವ ವ್ರೀಡಾ, ಹೇಸಿಗೆ ತರುವ ಜುಗುಪ್ಸಾ, ಅಶುಭವನ್ನು ಸೂಚಿಸುವ ಅಮಂಗಲ. ಈ ಲೆಕ್ಕದಲ್ಲಿ ರಕ್ತಪಿಶಾಚಿ ಚಿತ್ರಕ್ಕೆ ಮೂರು ಪಟ್ಟು ಶಿಕ್ಷೆಯಾಗಬೇಕು. ಬೆತ್ತಲೆ ಮೈಯಿಂದ ವ್ರೀಡೆ, ನೆತ್ತರಿನಿಂದ ಜುಗುಪ್ಸೆ, ಶವಪೆಟ್ಟಿಗೆಯಿಂದ ಅಮಂಗಲ! ಆದರೆ ಅದೇ ಶಾಸ್ತ್ರದಲ್ಲಿ ಮಮ್ಮಟ ಇನ್ನೊಂದು ಮಾತನ್ನೂ ಹೇಳಿದ್ದಾನೆ: ಸಂದರ್ಭದ ಬಲದಿಂದ ಇಂಥ ದೋಷ ದೋಷವಾಗದೆ ಇರಬಹುದು, ಕೆಲವೆಡೆ ಗುಣವೇ ಆಗಬಹುದು. ಸಂದರ್ಭವನ್ನು ನೋಡದೆ ತೀರ್ಪು ಕೊಡಲು ಶಾಸ್ತ್ರದ ಅಪ್ಪಣೆಯಿಲ್ಲ. ನಮ್ಮ ಹಿರಿಯರು ಪದವನ್ನು ಶಾಸ್ತ್ರದಿಂದ ಎತ್ತಿಕೊಂಡರು, ವಿವೇಕವನ್ನು ಅಲ್ಲೇ ಬಿಟ್ಟುಬಂದರು. ವಿಮರ್ಶೆಯ ಪದವೊಂದು ಹೀಗೆ ಪೊರಕೆಯಾಯಿತು. ಪೊರಕೆಗೆ ಕಸ ಯಾವುದು, ಕಳೆದುಹೋದ ಮೂಗುಬಟ್ಟು ಯಾವುದು ಎಂಬ ಭೇದವಿಲ್ಲ.

ಈಗ ಸಂದರ್ಭ. ಈ ಕಥೆಗಳ ಮೂಲತಾಯಿ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಅಲ್ಲ. ಅದು 1897ರದು. ಅದಕ್ಕೆ 25 ವರ್ಷ ಮೊದಲೇ, 1872ರಲ್ಲಿ, ಐರ್ಲೆಂಡಿನ ಶೆರಿಡನ್ ಲೆ ಫ್ಯಾನು 'ಕಾರ್ಮಿಲಾ' ಎಂಬ ನೀಳ್ಗತೆಯನ್ನು ತನ್ನ ಸಂಕಲನದಲ್ಲಿ ಸೇರಿಸಿದ್ದ. ಆಸ್ಟ್ರಿಯದ ಸ್ಟಿರಿಯಾ ಪ್ರಾಂತದಲ್ಲಿ ಒಂದು ಒಂಟಿ ಕೋಟೆಮನೆ. ಅದರಲ್ಲಿ ಒಂಟಿ ಹುಡುಗಿ ಲಾರಾ. ಗಾಡಿ ಉರುಳಿ ಅತಿಥಿಯಾಗಿ ಬಂದ ಇನ್ನೊಬ್ಬ ಚೆಲುವೆ. ಇಬ್ಬರ ನಡುವೆ ಗೆಳೆತನವೋ ಪ್ರೇಮವೋ ಹೇಳಲಾಗದ ಸೆಳೆತ. ದಿನದಿಂದ ದಿನಕ್ಕೆ ಬತ್ತುವ ಲಾರಾಳ ಮೈ. ಕೊನೆಗೆ ಗಂಡಸರು ಕೂಡಿ ಕಾರ್ಮಿಲಾಳ ಗೋರಿ ತೆರೆದು ಎದೆಗೆ ಗೂಟ ಹೊಡೆಯುತ್ತಾರೆ, ತಲೆ ಕಡಿಯುತ್ತಾರೆ. ಆದರೆ ಕಥೆ ಮುಗಿಯುವುದು ಅಲ್ಲಲ್ಲ. ಎಷ್ಟೋ ಕಾಲದ ಮೇಲೂ ಲಾರಾಗೆ ಬಾಗಿಲಲ್ಲಿ ಅವಳ ಹಗುರವಾದ ಹೆಜ್ಜೆ ಕೇಳಿದಂತಾಗುತ್ತದೆ. ಆ ಹೆಜ್ಜೆಯನ್ನು ಕೇಳಿದಾಗ ಅವಳಿಗಾಗುವುದು ಭಯವೋ, ಆಸೆಯೋ, ಅಗಲಿಕೆಯ ದುಃಖವೋ? ಲೆ ಫ್ಯಾನು ಹೇಳುವುದಿಲ್ಲ. ಮುಂದಿನ ನೂರು ವರ್ಷ ಯೂರೋಪಿನ ಚಿತ್ರಕಾರರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಡೆನ್ಮಾರ್ಕಿನ ಡ್ರೇಯರ್ 1932ರಲ್ಲಿ ತೆಗೆದ 'ವಾಂಪೀರ್' ಚಿತ್ರಕ್ಕೆ ಲೆ ಫ್ಯಾನುವಿನ ಆ ಸಂಕಲನವೇ ಪ್ರೇರಣೆ. ಫ್ರಾನ್ಸಿನ ರೋಜೆ ವಾದಿಂ 1960ರಲ್ಲಿ 'ಕಾರ್ಮಿಲಾ'ವನ್ನೇ ಬಣ್ಣದಲ್ಲಿ ತೆರೆಗೆ ತಂದ.

ಆಮೇಲೆ ಬಂದದ್ದು ಪ್ರವಾಹ. ಟೆಲಿವಿಷನ್ ಮನೆಮನೆ ಹೊಕ್ಕು ಚಿತ್ರಮಂದಿರಗಳ ಕುರ್ಚಿಗಳನ್ನು ಖಾಲಿಮಾಡಿತ್ತು. ಮನೆಯ ಪೆಟ್ಟಿಗೆಯಲ್ಲಿ ತೋರಿಸಲಾಗದ್ದನ್ನು ತೋರಿಸಿದರೆ ಮಾತ್ರ ಜನ ಬರುವರೆಂದು ವಿತರಕರಿಗೆ ತೋರಿತು. ಸೆನ್ಸಾರಿನ ಕತ್ತರಿಯೂ ಸಡಿಲವಾಗುತ್ತಿತ್ತು. ಇಂಗ್ಲೆಂಡಿನಲ್ಲಿ 1970ರಲ್ಲಿ ವಯಸ್ಕರ ಚಿತ್ರಗಳ ವಯೋಮಿತಿ 16ರಿಂದ 18ಕ್ಕೇರಿದ ಮೇಲೆ ತೆರೆಯ ಮೇಲೆ ಹೊಸ ಸ್ವಾತಂತ್ರ್ಯ ಬಂತು. ಸ್ಪೇನಿನಲ್ಲಿ ಇದಕ್ಕೆ ವಿರುದ್ಧ. ಅಲ್ಲಿ 1975ರವರೆಗೂ ಸರ್ವಾಧಿಕಾರಿ ಫ್ರಾಂಕೊನ ಆಡಳಿತ. ಹಾಗಾಗಿ ಒಂದೇ ಚಿತ್ರವನ್ನು ಎರಡು ಬಗೆಯಾಗಿ ತೆಗೆಯುವ ಉಪಾಯ ಹುಟ್ಟಿತು: ದೇಶದೊಳಗೆ ಬಟ್ಟೆ ತೊಟ್ಟ ಪ್ರತಿ, ಹೊರದೇಶಗಳಿಗೆ ಬಟ್ಟೆ ಕಳಚಿದ ಪ್ರತಿ! ಬೆತ್ತಲೆಯೆಂಬುದು ಕಲಾವಿದನ ದರ್ಶನವಾಗಿರದೆ ಎಷ್ಟೋ ಸಲ ಸುಂಕದ ಕಟ್ಟೆಯಲ್ಲಿ ಕೊಡಬೇಕಾದ ಸುಂಕವಾಗಿತ್ತೆಂಬುದು ಇದರಿಂದಲೇ ಗೊತ್ತಾಗುತ್ತದೆ.

ಸುಂಕ ಕೊಟ್ಟು ಒಳಗೆ ತಂದದ್ದೇನು ಎಂಬುದಕ್ಕೆ ಝಾನ್ ರೊಲ್ಯಾಂ ಎಂಬಾತನನ್ನು ನೋಡಬೇಕು. ಹುಟ್ಟಿದ್ದು 1938ರಲ್ಲಿ, ತೀರಿಕೊಂಡದ್ದು 2010ರಲ್ಲಿ. ಅವನ ಮೊದಲ ದೊಡ್ಡ ಚಿತ್ರ 'ಲ ವಿಯೋಲ್ ದ್ಯು ವಾಂಪೀರ್' ಪ್ಯಾರಿಸ್ಸಿನಲ್ಲಿ ಬಿಡುಗಡೆಯಾದದ್ದು 1968ರ ಮೇ ತಿಂಗಳಲ್ಲಿ. ಹೊರಗೆ ವಿದ್ಯಾರ್ಥಿಗಳ ಬಂಡಾಯ, ಕಾರ್ಮಿಕರ ಮುಷ್ಕರ. ಒಳಗೆ ಈ ಕಪ್ಪುಬಿಳುಪು ಚಿತ್ರ. ಜನ ಕೂಗಾಡಿದರು, ಕೈಗೆ ಸಿಕ್ಕಿದ್ದನ್ನು ತೆರೆಯ ಮೇಲೆ ಎಸೆದರು. ಮೂಲತಃ ಅದು ಒಂದು ಹಳೆಯ ಅಮೆರಿಕನ್ ಚಿತ್ರದ ಜೊತೆಗೆ ತೋರಿಸಲೆಂದು ತೆಗೆದ ಚಿಕ್ಕ ಚಿತ್ರ. ಅದನ್ನು ಪೂರ್ಣಪ್ರಮಾಣಕ್ಕೆ ಹಿಗ್ಗಿಸಬೇಕಾಗಿ ಬಂದಾಗ, ಮೊದಲ ಭಾಗದಲ್ಲಿ ಸತ್ತವರನ್ನು ಎರಡನೆಯ ಭಾಗದಲ್ಲಿ ಎಬ್ಬಿಸಿ ಕಥೆ ಮುಂದುವರಿಸಿದ. ಇದು ನಗುವ ಸಂಗತಿಯೇ. ಆದರೆ ಆ ಚಿತ್ರದಲ್ಲಿ ದಿಯೆಪ್ ಪಟ್ಟಣದ ಬಳಿಯ ಪೂರ್ವಿಲ್ ಎಂಬ ಕಡಲತೀರ ಬರುತ್ತದೆ: ಬೆಣಚುಕಲ್ಲುಗಳ ದಂಡೆ, ಸುಣ್ಣದ ಬಂಡೆ, ನೀರಿಗಿಳಿದು ಕೊಳೆಯುತ್ತಿರುವ ಮರದ ಕಂಬಗಳ ಸಾಲು. ಬದುಕಿನುದ್ದಕ್ಕೂ ರೊಲ್ಯಾಂ ಚಿತ್ರದ ಮೇಲೆ ಚಿತ್ರದಲ್ಲಿ ಅದೇ ದಂಡೆಗೆ ಮರಳಿದ. ಹಣಕ್ಕಾಗಿ ಚಿತ್ರ ತೆಗೆಯುವವನು ಒಂದೇ ಕಡಲದಂಡೆಗೆ ಇಷ್ಟು ಸಲ ಹೋಗುವುದಿಲ್ಲ. ಹೋಗುವವನಿಗೆ ಅಲ್ಲಿ ಏನೋ ಕಳೆದುಹೋಗಿರಬೇಕು.

ಬಡತನ ಈ ಚಿತ್ರಗಳಿಗೆ ಮಾಡಿದ ಉಪಕಾರವನ್ನು ಯಾರೂ ಲೆಕ್ಕ ಹಾಕಿಲ್ಲ. ಸ್ಟುಡಿಯೋದಲ್ಲಿ ಅರಮನೆ ಕಟ್ಟಿಸಲು ದುಡ್ಡಿಲ್ಲ. ಆದುದರಿಂದ ನಿಜವಾದ ಪಾಳು ಕೋಟೆ, ನಿಜವಾದ ಸ್ಮಶಾನ, ಪ್ರವಾಸಿಗರಿಲ್ಲದ ಋತುವಿನ ಕಡಲತೀರ. ಹೆಸರಾಂತ ನಟರಿಲ್ಲ, ಆದುದರಿಂದ ನಟಿಸಲು ಬಾರದ, ನಿದ್ದೆಯಲ್ಲಿ ನಡೆವಂತೆ ನಡೆಯುವ ಹುಡುಗಿಯರು. ಚಿತ್ರೀಕರಣದ ಜೊತೆಗೇ ಧ್ವನಿ ಹಿಡಿಯುವ ಅನುಕೂಲವಿಲ್ಲ. ಆಮೇಲೆ ಕೂಡಿಸಿದ ಮಾತು ತುಟಿಗಂಟದೆ ತೇಲುತ್ತದೆ. ಕಥೆಯನ್ನು ಬಿಗಿಯುವ ಪುರಸೊತ್ತಿಲ್ಲ, ಆದರೆ ಎಂಬತ್ತು ತೊಂಬತ್ತು ನಿಮಿಷ ತುಂಬಲೇಬೇಕು. ಆದುದರಿಂದ ದೀರ್ಘವಾದ ನಡಿಗೆ, ದೀರ್ಘವಾದ ಮೌನ. ರೊಲ್ಯಾಂನ 1971ರ 'ರೆಕ್ವಿಯೆಂ ಪೂರ್ ಅಂ ವಾಂಪೀರ್' ಚಿತ್ರದಲ್ಲಿ ವಿದೂಷಕರ ವೇಷ ತೊಟ್ಟ ಇಬ್ಬರು ಹುಡುಗಿಯರು ಎಲ್ಲಿಂದಲೋ ಓಡಿ ಬರುತ್ತಾರೆ. ಮೊದಲ ಅರ್ಧ ಗಂಟೆಗೂ ಮೀರಿ ಮಾತೇ ಇಲ್ಲವೆನ್ನಬೇಕು. ಅದೇ ವರ್ಷದ ಇನ್ನೊಂದು ಚಿತ್ರದಲ್ಲಿ ನಡುರಾತ್ರಿ ಎತ್ತರದ ಗಡಿಯಾರದ ಪೆಟ್ಟಿಗೆಯ ಬಾಗಿಲು ತೆರೆದು ಪಿಶಾಚಿಯೊಬ್ಬಳು ಹೊರಬರುತ್ತಾಳೆ. ಯಾಕೆಂದು ವಿವರಣೆಯಿಲ್ಲ. ಇದ್ದಿದ್ದರೆ ಅದು ಕೆಡುತ್ತಿತ್ತು. ಹಣವಂತ ಚಿತ್ರ ಎಲ್ಲವನ್ನೂ ವಿವರಿಸುತ್ತದೆ, ಯಾಕೆಂದರೆ ಅದು ಎಲ್ಲರಿಗೂ ಅರ್ಥವಾಗಿ ಹಾಕಿದ ಹಣ ಹಿಂದಿರುಗಬೇಕು. ಬಡ ಚಿತ್ರಕ್ಕೆ ವಿವರಿಸುವ ಶಕ್ತಿಯಿಲ್ಲ. ಆದ್ದರಿಂದ ಅದು ಕನಸಿಗೆ ಹತ್ತಿರವಾಗುತ್ತದೆ.

"ಆಯಿತು ಸ್ವಾಮಿ, ಕನಸೇ ಇರಲಿ. ಶೃಂಗಾರವನ್ನು ತಂದು ರಕ್ತಕ್ಕೂ ಹೆಣಕ್ಕೂ ಅಂಟಿಸುವುದು ರಸಾಭಾಸವಲ್ಲವೆ?" ಇದು ಮರ್ಯಾದಸ್ಥ ಆಕ್ಷೇಪಣೆ, ಉತ್ತರಕ್ಕೆ ಯೋಗ್ಯವಾದದ್ದು. ಶೃಂಗಾರಕ್ಕೂ ಬೀಭತ್ಸಕ್ಕೂ ವಿರೋಧವೆಂದು ಶಾಸ್ತ್ರ ಹೇಳುವುದು ನಿಜ. ಆದರೆ ವಿರೋಧಿ ರಸಗಳು ಒಂದೆಡೆ ಸೇರಬಹುದಾದ ದಾರಿಗಳನ್ನು ಆನಂದವರ್ಧನ 'ಧ್ವನ್ಯಾಲೋಕ'ದ ಮೂರನೆಯ ಉದ್ಯೋತದಲ್ಲಿ ಹೇಳಿದ್ದಾನೆ. ವಿರೋಧಿಯಾದದ್ದು ಇನ್ನೊಂದು ಪ್ರಧಾನ ರಸಕ್ಕೆ ಅಂಗವಾಗಿ ಬಂದರೆ ವಿರೋಧವಿಲ್ಲ. ಮಹಾಭಾರತದ ಸ್ತ್ರೀಪರ್ವದಿಂದ ಅವನೆತ್ತಿಕೊಳ್ಳುವ ಉದಾಹರಣೆ ಎಲ್ಲರಿಗೂ ಗೊತ್ತು: ಯುದ್ಧಭೂಮಿಯಲ್ಲಿ ಭೂರಿಶ್ರವಸನ ಕಡಿದುಬಿದ್ದ ಕೈಯನ್ನು ಕಂಡು ಅವನ ಹೆಂಡಿರು ಆ ಕೈ ಮಾಡಿದ್ದ ಪ್ರಣಯಚೇಷ್ಟೆಗಳನ್ನು ನೆನೆದು ಅಳುತ್ತಾರೆ. ಕಡಿದ ಕೈ, ಅದರ ಮೇಲೆ ಶೃಂಗಾರದ ನೆನಪು! ಸಭೆಯ ಹಿರಿಯರು ಅದರ ಅಂಚಿನಲ್ಲಿ ಏನು ಬರೆಯುತ್ತಿದ್ದರೋ! ಆನಂದವರ್ಧನನಿಗೆ ಅಲ್ಲಿ ಕಂಡದ್ದು ಕರುಣರಸ. ನೆನಪಾದ ಶೃಂಗಾರ ಶೋಕವನ್ನು ಹೆಚ್ಚಿಸುತ್ತದೆಯೆ ಹೊರತು ಕೆಡಿಸುವುದಿಲ್ಲ.

ನಾನು ಹೇಳಬೇಕಾದ್ದು ಇಷ್ಟೆ. ಈ ಚಿತ್ರಗಳಲ್ಲಿ ಉತ್ತಮವಾದವುಗಳ ಅಂಗಿರಸ ಶೃಂಗಾರವಲ್ಲ, ಭಯಾನಕವೂ ಅಲ್ಲ; ಕರುಣ. ನೋಡಿದವನನ್ನು ಮತ್ತೆ ಕರೆಯುವುದು ಅದು. ರೊಲ್ಯಾಂನ 1975ರ 'ಲೆವ್ರ್ ದ ಸಾಂ' ಚಿತ್ರವನ್ನು ನೋಡಿ. ಒಂದು ಔತಣದಲ್ಲಿ ಗೋಡೆಯ ಮೇಲೆ ಪಾಳು ಕೋಟೆಯ ಚಿತ್ರವಿರುವ ಜಾಹೀರಾತನ್ನು ಕಂಡ ಯುವಕನಿಗೆ ಮರೆತುಹೋಗಿದ್ದ ಬಾಲ್ಯದ ಒಂದು ರಾತ್ರಿ ನೆನಪಾಗುತ್ತದೆ. ದಾರಿತಪ್ಪಿದ ಹುಡುಗನಾಗಿ ಆ ಕೋಟೆಯಲ್ಲಿ ಅವನು ತಂಗಿದ್ದ. ಬಿಳಿಯ ಉಡುಪಿನ ಒಬ್ಬಳು ಅವನಿಗೆ ಆಸರೆ ಕೊಟ್ಟಿದ್ದಳು. ತಾಯಿ ಅದೆಲ್ಲ ಭ್ರಮೆ ಎನ್ನುತ್ತಾಳೆ. ಅವನು ಒಪ್ಪದೆ ಹುಡುಕುತ್ತ ಹೋಗುತ್ತಾನೆ. ಕೊನೆಗೆ ಅವಳನ್ನು ಕೊಲ್ಲಬೇಕೆಂದು ಎಲ್ಲರೂ ಹೇಳಿದಾಗ ಅವಳ ಪಕ್ಷ ಹಿಡಿದು, ಪೂರ್ವಿಲ್ ದಂಡೆಯಲ್ಲಿ ಅವಳೊಂದಿಗೆ ಒಂದೇ ಶವಪೆಟ್ಟಿಗೆಯಲ್ಲಿ ಮಲಗುತ್ತಾನೆ. ಅಲೆ ಪೆಟ್ಟಿಗೆಯನ್ನು ಕಡಲಿಗೆ ಎಳೆದುಕೊಳ್ಳುತ್ತದೆ. ನಾನು ಬಾಡಿಗೆ ಕೋಣೆಯಲ್ಲಿ ಕಂಡದ್ದು ಈ ಚಿತ್ರವನ್ನೇ. ಕಳೆದುಹೋದ ಒಂದು ರಾತ್ರಿಯ ವಾತ್ಸಲ್ಯಕ್ಕಾಗಿ ಲೋಕವನ್ನೇ ಬಿಟ್ಟುಹೋಗುವ ಈ ಆಸೆಗೆ ಕಾಮವೆಂಬ ಹೆಸರು ಸಾಲದು.

1982ರ 'ಲಾ ಮೋರ್ತ್ ವಿವಾಂತ್' ಇನ್ನೂ ಕಠೋರವಾದದ್ದು. ಸತ್ತು ಮಲಗಿದ್ದ ಕ್ಯಾಥರೀನ್ ಮತ್ತೆ ಏಳುತ್ತಾಳೆ, ರಕ್ತವಿಲ್ಲದೆ ಇರಲಾರಳು. ಬಾಲ್ಯದ ಗೆಳತಿ ಎಲೆನ್ ಅವಳನ್ನು ಗುರುತಿಸಿ, ಅವಳು ಉಳಿಯಲೆಂದು ಮನುಷ್ಯರನ್ನು ಹಿಡಿದು ತರತೊಡಗುತ್ತಾಳೆ. ಕುಡಿದಂತೆಲ್ಲ ಕ್ಯಾಥರೀನಳಿಗೆ ಪ್ರಜ್ಞೆ ಮರಳುತ್ತದೆ; ಪ್ರಜ್ಞೆ ಮರಳಿದಂತೆಲ್ಲ ತಾನು ಏನಾಗಿದ್ದೇನೆಂದು ತಿಳಿಯುತ್ತದೆ; ತಿಳಿದ ಮೇಲೆ ಅವಳು ಬೇಡುವುದು ಸಾವನ್ನು. ಗೆಳತಿ ಕೊಡುವುದಿಲ್ಲ. ಕೊನೆಗೆ ಎಲೆನ್ ತನ್ನನ್ನೇ ಒಪ್ಪಿಸಿಕೊಳ್ಳುತ್ತಾಳೆ. ಕ್ಯಾಥರೀನ್ ಚೀರುತ್ತ ತಿನ್ನುತ್ತಾಳೆ. ಇಲ್ಲಿ ಪಿಶಾಚಿ ಯಾರು? ಸತ್ತವಳೋ, ಸತ್ತವಳನ್ನು ಸಾಯಗೊಡದ ಪ್ರೀತಿಯೋ? ಮನೆಯಲ್ಲಿ ಹಿರಿಯರನ್ನು ಕಳೆದುಕೊಳ್ಳಲಾರದೆ ಅವರ ನರಳಾಟವನ್ನು ಎಳೆದಾಡಿದವರಿಗೆಲ್ಲ ಈ ಪ್ರಶ್ನೆ ನಾಟುತ್ತದೆ. ಹೇಸಿಗೆಯಿಂದ ನಾನು ಕಣ್ಣು ಮುಚ್ಚಿದ್ದು ನಿಜ. ಆದರೆ ಕಣ್ಣು ಮುಚ್ಚಿಸಿದ್ದು ಜುಗುಪ್ಸೆಯೊಂದೇ ಅಲ್ಲ.

ಬೆಲ್ಜಿಯಂನ ಹ್ಯಾರಿ ಕ್ಯೂಮೆಲ್ 1971ರಲ್ಲಿ ತೆಗೆದ 'ಡಾಟರ್ಸ್ ಆಫ್ ಡಾರ್ಕ್‌ನೆಸ್' ಚಿತ್ರದಲ್ಲಿ ಚಳಿಗಾಲದ ಆಸ್ಟೆಂಡ್ ನಗರದ ಖಾಲಿ ಹೋಟೆಲಿಗೆ ನವದಂಪತಿಗಳು ಬರುತ್ತಾರೆ. ಹಿಂದೆಯೇ ಒಬ್ಬ ಕೌಂಟೆಸ್. ಹೋಟೆಲಿನ ಗುಮಾಸ್ತ ತಾನು ಹುಡುಗನಾಗಿದ್ದಾಗ, ನಲವತ್ತು ವರ್ಷಗಳ ಹಿಂದೆ, ಈಕೆಯನ್ನು ಹೀಗೇ ಕಂಡಿದ್ದನಂತೆ. ಕೌಂಟೆಸಳ ಪಾತ್ರದಲ್ಲಿ ಡೆಲ್ಫಿನ್ ಸೆರಿಗ್ ನಗುತ್ತ, ಗುನುಗುತ್ತ, ಸೌಜನ್ಯದಿಂದಲೇ ಆ ಮದುಮಗಳನ್ನು ಸೆಳೆದುಕೊಳ್ಳುತ್ತಾಳೆ. ನಮಗೆ ಭಯವಾಗುವುದು ಅವಳಿಂದಲ್ಲ. ಹೆಂಡತಿಯನ್ನು ಬೆಲ್ಟಿನಿಂದ ಹೊಡೆಯುವ ಗಂಡನಿಂದ. ಸ್ಪೇನಿನ ವಿಸೆಂತೆ ಅರಾಂದಾ 1972ರಲ್ಲಿ, ಸರ್ವಾಧಿಕಾರದ ನೆರಳಲ್ಲೇ, 'ನೆತ್ತರಿನ ಮದುಮಗಳು' ಎಂಬರ್ಥದ ಹೆಸರಿನ ಚಿತ್ರ ತೆಗೆದ. ಅದೂ 'ಕಾರ್ಮಿಲಾ'ದ ರೂಪಾಂತರವೇ. ಕೊನೆಯಲ್ಲಿ ಗಂಡ 'ಪಿಶಾಚಿ'ಗಳನ್ನು ಸಂಹರಿಸುತ್ತಾನೆ. ಆಮೇಲೆ ತೆರೆಯ ಮೇಲೆ ಪತ್ರಿಕೆಯ ಒಂದು ತಲೆಬರಹ ಬರುತ್ತದೆ: ಒಬ್ಬ ಗಂಡಸು ಮೂವರು ಹೆಂಗಸರ ಹೃದಯ ಕಿತ್ತನೆಂದು. ಅದನ್ನು ಓದಿದ ಕ್ಷಣ ಇದುವರೆಗೆ ನೋಡಿದ ಕಥೆಯೆಲ್ಲ ತಲೆಕೆಳಗಾಗುತ್ತದೆ. ಹಣ, ಹೆಸರು, ಕಟ್ಟುನಿಟ್ಟು ಎಲ್ಲ ಇದ್ದ ಇಂಗ್ಲೆಂಡಿನ ಹ್ಯಾಮರ್ ಕಂಪೆನಿಯವರೂ 1970ರಲ್ಲಿ ಕಾರ್ಮಿಲಾಳ ಕಥೆಯನ್ನು ತೆಗೆದರು. ಅಲ್ಲಿ ಮುದುಕ ಜನರಲ್ ಗೂಟ ಹೊಡೆದು, ತಲೆ ಕಡಿದು, ನ್ಯಾಯ ಸ್ಥಾಪಿಸುತ್ತಾನೆ. ಪ್ರೇಕ್ಷಕ ಆನಂದಿಸಬೇಕಾದ್ದನ್ನೆಲ್ಲ ಆನಂದಿಸಿ ಕೊನೆಗೆ ಸಜ್ಜನನಾಗಿ ಮನೆಗೆ ಹೋಗಬಹುದು. ನನ್ನ ಕೇಳಿದರೆ ಅಶ್ಲೀಲವೆಂಬುದು ಇದಕ್ಕೇ ಹೆಚ್ಚು ಒಪ್ಪುತ್ತದೆ. ತೋರಿಸಿ ಕಾಸು ಮಾಡಿಕೊಂಡ ಮೈಯನ್ನೇ ಕಡೆಗೆ ಶಿಕ್ಷಿಸಿ ನೀತಿ ಹೇಳುವುದು!

ಹಾಗೆಂದು ಈ ಚಿತ್ರಗಳ ಇನ್ನೊಂದು ಕಡೆಯ ಭಕ್ತರ ಜೊತೆ ನಾನು ಸೇರಲಾರೆ. ಅವರಲ್ಲಿ ಒಂದು ಪಂಗಡದವರು ರಟ್ಟಿನ ಬಾವಲಿಯನ್ನೂ ತುಟಿಗಂಟದ ಮಾತನ್ನೂ ತೋರಿಸಿ ನಗಲೆಂದೇ ನೋಡುತ್ತಾರೆ; ಇನ್ನೊಂದು ಪಂಗಡದವರು ಪ್ರತಿಯೊಂದು ಚಿತ್ರವನ್ನೂ ಕ್ರಾಂತಿಯೆಂದು ಕೊಂಡಾಡುತ್ತಾರೆ. ಎರಡೂ ನೋಡದೆ ಇರುವ ಬಗೆಗಳೇ. ಸ್ಪೇನಿನ ಹೆಸೂಸ್ ಫ್ರಾಂಕೊ (ಸರ್ವಾಧಿಕಾರಿಗೂ ಇವನಿಗೂ ಹೆಸರಿನ ಸಂಬಂಧ ಮಾತ್ರ) ನೂರೈವತ್ತಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆದ. ಅವುಗಳಲ್ಲಿ ಎಷ್ಟೋ ಚಿತ್ರಗಳು ಅವನಿಗೇ ಬೇಸರ ಬಂದಂತೆ ಕಾಣುತ್ತವೆ. ಹೆಣ್ಣಿನ ಮೈಯನ್ನು ಕ್ಯಾಮೆರಾ ಸಂತೆಯಲ್ಲಿ ದನ ನೋಡಿದಂತೆ ನೋಡುವ ದೃಶ್ಯಗಳು ಅವನಲ್ಲಿಯೂ ಇವೆ, ರೊಲ್ಯಾಂನಲ್ಲಿಯೂ ಇವೆ. ಅದಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. 'ಲೆವ್ರ್ ದ ಸಾಂ' ಹಣ ತರಲಿಲ್ಲವೆಂದು, ಮರುವರ್ಷವೇ ಅದಕ್ಕೆ ಬರಿಯ ಸಂಭೋಗದ ದೃಶ್ಯಗಳನ್ನು ತುರುಕಿ ಬೇರೊಂದು ಹೆಸರಿನಲ್ಲಿ ಮಾರಲಾಯಿತು. ಹೀಗೆ ಮಾಡಿದವನು ಬೇರೆ ಯಾರೂ ಅಲ್ಲ, ರೊಲ್ಯಾಂನೇ. ಹೊಟ್ಟೆಪಾಡಿಗೆ ಬೇರೆ ಹೆಸರಿನಲ್ಲಿ ಅಂಥ ಚಿತ್ರಗಳನ್ನು ಅವನು ತೆಗೆದದ್ದೂ ಉಂಟು. ಒಂದೇ ಫಿಲ್ಮಿನ ಸುರುಳಿ ಒಂದು ವರ್ಷ ಕಾವ್ಯ, ಮರುವರ್ಷ ಕೊಳಕು! ಇದನ್ನು ತಿಳಿದ ಮೇಲೆ ಎಲ್ಲವನ್ನೂ ಒಂದೇ ಪದದಿಂದ ಗುಡಿಸುವುದೂ ಆಗದು, ಎಲ್ಲಕ್ಕೂ ಆರತಿ ಎತ್ತುವುದೂ ಆಗದು. ಒಂದೊಂದನ್ನೂ, ಒಂದೊಂದು ದೃಶ್ಯವನ್ನೂ ನೋಡಿಯೇ ಹೇಳಬೇಕು. ವಿಮರ್ಶೆಯ ಕೆಲಸವೇ ಅದಲ್ಲವೆ?

ನೋಡಿದರೆ ಫ್ರಾಂಕೊನಲ್ಲಿಯೂ ಸಿಗುತ್ತದೆ. 1971ರಲ್ಲಿ ತೆರೆಕಂಡ ಅವನ 'ವಾಂಪಿರೋಸ್ ಲೆಸ್ಬೋಸ್' ಇಸ್ತಾಂಬುಲ್‌ನಲ್ಲಿ ನಡೆಯುತ್ತದೆ. ಕತ್ತಲೆಯಿಲ್ಲ, ಕೋಟೆಯಿಲ್ಲ, ಹಾಡುಹಗಲ ಬಿಸಿಲಲ್ಲಿ ಮೈಕಾಯಿಸಿಕೊಳ್ಳುವ ಪಿಶಾಚಿ, ಆಕಾಶದಲ್ಲಿ ಒಂದು ಕೆಂಪು ಗಾಳಿಪಟ. ಆ ಪಾತ್ರ ಮಾಡಿದ ಸೊಲೆದಾದ್ ಮಿರಾಂದಾ ಚಿತ್ರ ಬಿಡುಗಡೆಯಾಗುವ ಮೊದಲೇ, 1970ರ ಆಗಸ್ಟಿನಲ್ಲಿ, ಪೋರ್ಚುಗಲ್ಲಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಳು. ಆಗವಳಿಗೆ 27 ವರ್ಷ. ಸಾವಿಲ್ಲದವಳಾಗಿ ನಟಿಸಿದ ಆ ಹುಡುಗಿಯ ಕಣ್ಣನ್ನು ಈಗ ತೆರೆಯ ಮೇಲೆ ಕಂಡಾಗ ಬರಿಯ ರತಿ ಯಾರಿಗೆ ಹುಟ್ಟೀತು?

ಇನ್ನು ಆ ವಿದ್ಯಾರ್ಥಿನಿಯ ವಿಷಯಕ್ಕೆ ಬರೋಣ. ಅಮೃತಮತಿಯನ್ನು ಈ ಕೂಟಕ್ಕೆ ಕರೆದದ್ದು ಅವಳ ಅತಿರೇಕವೆಂದು ಸಭೆ ಎಣಿಸಿತು. ಆದರೆ 1209ರಷ್ಟು ಹಿಂದೆ ಜನ್ನ ಏನು ಬರೆದ? ಚೆಲುವನಾದ ಅರಸನ ಮಗ್ಗುಲಿಂದ ರಾಣಿ ನಡುರಾತ್ರಿ ಎದ್ದು, ಹಾಡು ಕೇಳಿ ಮನಸೋತ ವಿಕಾರರೂಪಿ ಮಾವುತನ ಬಳಿಗೆ ಹೋಗುತ್ತಾಳೆ. ತಡವಾಯಿತೆಂದು ಅವನು ಹೊಡೆದರೂ ಕಾಲು ಹಿಡಿಯುತ್ತಾಳೆ. ಮರೆಯಲ್ಲಿ ಗಂಡ ಕತ್ತಿ ಹಿರಿದು ನಿಂತಿರುತ್ತಾನೆ. ಮುಂದೆ ಅವಳು ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಅದೇ ಕವಿಯ 'ಅನಂತನಾಥ ಪುರಾಣ'ದ ಚಂಡಶಾಸನ ಗೆಳೆಯನ ಹೆಂಡತಿ ಸುನಂದೆಯನ್ನು ಹೊತ್ತುತಂದು, ದುಃಖದಿಂದ ಸತ್ತ ಅವಳ ಶವದೊಂದಿಗೆ ಚಿತೆಯೇರುತ್ತಾನೆ. ಶೃಂಗಾರ, ಬೀಭತ್ಸ, ಮರಣ, ಕರುಣೆ ಇವು ಒಂದೇ ಗಂಟಿನಲ್ಲಿ ಬಿದ್ದ ಮನುಷ್ಯನ ಗತಿಯನ್ನು ಕನ್ನಡಕ್ಕೆ ಯಾರೂ ಪ್ಯಾರಿಸ್ಸಿನಿಂದ ತಂದು ಕಲಿಸಬೇಕಾಗಿರಲಿಲ್ಲ. ಇದನ್ನು ನಾವು ಪಠ್ಯವಾಗಿ ಇಟ್ಟಿದ್ದೇವೆ, ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಕೇಳುತ್ತೇವೆ. ಎಂಟು ನೂರು ವರ್ಷ ಹಳೆಯದಾದರೆ, ಕಂದಪದ್ಯದಲ್ಲಿದ್ದರೆ, ಮಡಿ. ಐವತ್ತು ವರ್ಷ ಹಳೆಯದಾಗಿ ಫಿಲ್ಮಿನಲ್ಲಿದ್ದರೆ ಮೈಲಿಗೆ. ಇದು ರಸವಿವೇಕವಲ್ಲ, ಸೋಮಾರಿತನ.

ಈ ಜಗಳ ನಮಗೆ ಹೊಸದೂ ಅಲ್ಲ. ವೇಶ್ಯೆಯರ ಬದುಕನ್ನು ಕುರಿತು 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಬರೆದ ಅ.ನ.ಕೃ. ಅವರ ಮೇಲೆ ಇದೇ ಅಶ್ಲೀಲದ ಆಪಾದನೆ ಬಂತು. ಅದಕ್ಕೆ ಅವರು ಮೌನದಿಂದ ಉತ್ತರ ಕೊಡಲಿಲ್ಲ. 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದರು. ಆ ವಾದವನ್ನು ಒಪ್ಪುವವರಿದ್ದರು, ಒಪ್ಪದವರಿದ್ದರು. ಆದರೆ ಒಪ್ಪದವರೂ ಕಾದಂಬರಿಯನ್ನು ಓದಿ ಜಗಳವಾಡಿದರು. ಓದದೆ ನಕ್ಕು ಮುಂದಿನ ಅರ್ಜಿಗೆ ಹೋಗುವ ಚಾಳಿ ನಮ್ಮ ಕಾಲದ್ದು.

ಆ ಹುಡುಗಿ ಬೇರೆ ವಿಷಯ ತೆಗೆದುಕೊಂಡಳು. ಚೆನ್ನಾಗಿಯೇ ಬರೆದು, ಪಾಸಾಗಿ ಹೋದಳು. ಸಭೆಯಾದ ಮರುದಿನ ಕಾಲೇಜಿನ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, "ಸಾರ್, ನೀವು ಆ ಚಿತ್ರಗಳಲ್ಲಿ ಯಾವುದನ್ನಾದರೂ ನೋಡಿದ್ದೀರಾ?" ಎಂದು ಕೇಳಿದ್ದಳು. ಆ ದನಿಯಲ್ಲಿ ದೂರು ಇರಲಿಲ್ಲ. ಮಾತಾಡಲು ಒಬ್ಬರು ಬೇಕಿತ್ತು, ಅಷ್ಟೆ. ನಾನು ಆಚೀಚೆ ನೋಡಿ, "ಇಲ್ಲಮ್ಮ" ಎಂದೆ.

ನಗೆಗಿಂತ ಆ ಸುಳ್ಳು ದೊಡ್ಡದು. ಅದನ್ನು ಇಲ್ಲಿ ಅಚ್ಚಿನಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ಈ ವರ್ಷದ ಸಭೆ ಮುಂದಿನ ತಿಂಗಳು ಸೇರುತ್ತದೆ. ಇಂಥ ಅರ್ಜಿ ಮತ್ತೆ ಬರುವುದೋ ಇಲ್ಲವೋ ತಿಳಿಯದು. ಒಮ್ಮೆ ನಗೆಗೀಡಾದ ವಿಷಯವನ್ನು ಹಿಡಿದು ಬರುವ ಧೈರ್ಯ ಎಷ್ಟು ಮಕ್ಕಳಿಗಿರುತ್ತದೆ? ಬಂದರೆ, ಅಂಚಿನಲ್ಲಿ ಬರೆಯಲು ಯಾರಾದರೂ ಲೇಖನಿ ತೆಗೆಯುವ ಮೊದಲು, "ನಾನು ನೋಡಿದ್ದೇನೆ, ನೀವು ನೋಡಿದ್ದೀರಾ?" ಎಂದು ಕೇಳುವವನಿದ್ದೇನೆ.